ಮಕ್ಕಳ ಸೈಕಲ್ಲು, ನಮ್ಮ ಟ್ರೇಲರು

ಕಬ್ಬಿನ ಕಟಾವು ಭರದಿಂದ ನಡೆದಿರುವ ದಿನಗಳಿವು. ಹಳೆಯ ಮೈಸೂರಿನ ಕಡೆ ರಾಗಿ ಕೊಯ್ದು ಮೆದೆ ಒಟ್ಟುವ, ಹುರುಳಿ ಕಿತ್ತು ಒಣಗಿಸುವ ಕಾಲವೂ ಇದೇ. ಇಂಥ ಹೊತ್ತಿನಲ್ಲಿ ಕೃಷಿ ಪುಟದ ಅಗ್ರಲೇಖನದಲ್ಲಿ ಮಕ್ಕಳ ಸೈಕಲ್ಲಿನ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಫಸಲು ಹೊಲದಿಂದ ಹೊರಡುವ ದಾರಿಯೂ ನಮ್ಮ ಮಕ್ಕಳು ಶಾಲೆಯಿಂದ ಮನೆಗೆ ಬರುವ ದಾರಿಯೂ ಒಂದೇ. ಆದುದರಿಂದ ಈ ಮಾತನ್ನು ಇಲ್ಲಿಯೇ, ಸುಗ್ಗಿಯ ನಡುವೆಯೇ ಆಡಬೇಕಾಗಿದೆ.

ಮಂಡ್ಯ ಜಿಲ್ಲೆಯ ಮದ್ದೂರು, ಪಾಂಡವಪುರದ ಕಡೆಯಾಗಲಿ, ಬಾಗಲಕೋಟೆಯ ಮುಧೋಳ, ಜಮಖಂಡಿಯ ಕಡೆಯಾಗಲಿ, ಬೆಳಗಾವಿಯ ಗೋಕಾಕ, ರಾಯಬಾಗದ ಕಡೆಯಾಗಲಿ, ಡಿಸೆಂಬರ್ ತಿಂಗಳ ಒಂದು ಸಂಜೆ ಯಾವುದಾದರೂ ಕೂಡುರಸ್ತೆಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹತ್ತನೆಯ ತರಗತಿಯ ವಿಶೇಷ ಪಾಠ ಮುಗಿಸಿಕೊಂಡ ಹುಡುಗ ಹುಡುಗಿಯರು ಮೂರು ನಾಲ್ಕು ಮಂದಿ ಅಕ್ಕಪಕ್ಕ ಮಾತಾಡಿಕೊಂಡು ಸೈಕಲ್ ತುಳಿದು ಬರುತ್ತಾರೆ. ಹಿಂದಿನಿಂದ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರಾಕ್ಟರು, ಗಟ್ಟಿಯಾಗಿ ಹಾಡು ಹಾಕಿಕೊಂಡು ಬರುತ್ತದೆ. ಜಲ್ಲೆಗಳು ಎರಡೂ ಬದಿಗೆ ಮೊಳದಷ್ಟು ಚಾಚಿಕೊಂಡಿರುತ್ತವೆ. ಟ್ರೇಲರಿನ ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯೂ ಇಲ್ಲ. ಅದು ಮುಂದೆ ಸಾಗುತ್ತಿದ್ದಂತೆ ಹುಡುಗನೊಬ್ಬ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಿಂದ ಜಲ್ಲೆಯೊಂದನ್ನು ಎಳೆಯುತ್ತಾನೆ. ನೋಡಿದವರು ನಗುತ್ತಾರೆ. ನಾವೂ ಚಿಕ್ಕವರಿದ್ದಾಗ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆದವರೇ ಅಲ್ಲವೇ?

ಎಳೆದವರು ಹೌದು. ಆದರೆ ಆಗ ಮುಂದೆ ಹೋಗುತ್ತಿದ್ದುದು ಎತ್ತಿನ ಗಾಡಿ. ಅದು ಮನುಷ್ಯನ ನಡಿಗೆಯ ವೇಗದ್ದು, ಮಗು ಎಡವಿ ಬಿದ್ದರೂ ಎದ್ದು ಪಕ್ಕಕ್ಕೆ ಸರಿಯಲು ಹೊತ್ತಿರುತ್ತಿತ್ತು. ಈಗ ಹೋಗುತ್ತಿರುವುದು ಹಲವು ಟನ್ ಭಾರ. ಬಹಳಷ್ಟು ಹಳೆಯ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲ, ಅಷ್ಟೂ ಭಾರವನ್ನು ಟ್ರಾಕ್ಟರಿನ ಬ್ರೇಕೊಂದೇ ತಡೆದು ನಿಲ್ಲಿಸಬೇಕು. ಚಾಲಕ ಕಂಡ ತಕ್ಷಣ ತುಳಿದರೂ ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ.

ಇನ್ನೊಂದು ಸಂಗತಿಯನ್ನು ಟ್ರಾಕ್ಟರ್ ಇಟ್ಟುಕೊಂಡವರೆಲ್ಲ ಬಲ್ಲರು, ಸೈಕಲ್ ತುಳಿಯುವ ಮಗುವಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ತಿರುವಿನಲ್ಲಿ ಟ್ರಾಕ್ಟರಿನ ಚಕ್ರ ಹೋದ ಜಾಡಿನಲ್ಲಿ ಟ್ರೇಲರಿನ ಚಕ್ರ ಹೋಗುವುದಿಲ್ಲ. ಅದು ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ. ಎರಡನೆಯ ಟ್ರೇಲರು ಇನ್ನೂ ಒಳಕ್ಕೆ ಬರುತ್ತದೆ. ಎಡಕ್ಕೆ ತಿರುಗುವ ಟ್ರಾಕ್ಟರಿನ ಎಡಗಡೆ ಸೈಕಲ್ ಇದ್ದರೆ, ಇಂಜಿನ್ನು ದಾಟಿ ಹೋಯಿತಲ್ಲ, ಅಪಾಯ ಕಳೆಯಿತು ಎಂದು ಮಗು ಅಂದುಕೊಳ್ಳುತ್ತದೆ. ಅಪಾಯ ಬರುವುದೇ ಆಮೇಲೆ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಎರಡು ಬೆಂಕಿಪೊಟ್ಟಣಗಳನ್ನು ದಾರದಿಂದ ಕಟ್ಟಿ ತಿರುಗಿಸಿ ತೋರಿಸಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಲಾರಿ, ಬಸ್ಸು, ಟ್ರಾಕ್ಟರು ತಿರುಗುವಾಗ ಒಳಬದಿಯಲ್ಲಿ ನುಗ್ಗಬಾರದು, ಇಳಿದು ನಿಲ್ಲಬೇಕು ಎಂಬ ಒಂದು ಮಾತನ್ನು ಕಲಿಸಿದರೂ ಈ ಲೇಖನ ಬರೆದದ್ದು ಸಾರ್ಥಕ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಅವರಲ್ಲಿ ಸೈಕಲ್ ತುಳಿಯುತ್ತಿದ್ದವರು 4 ಸಾವಿರಕ್ಕೂ ಹೆಚ್ಚು. ಸೈಕಲ್ ಯಾರನ್ನೂ ಕೊಲ್ಲುವಂಥ ವಾಹನವಲ್ಲ. ಅದರ ಮೇಲೆ ಕುಳಿತವರು ಸಾಯುತ್ತಾರೆ. ಆದರೂ ಅಪಘಾತವಾದ ಮರುದಿನ ಅರಳಿಕಟ್ಟೆಯಲ್ಲಿ ಕೇಳಿಬರುವ ಮಾತು, "ಹುಡುಗ ಅಡ್ಡ ಬಂದ" ಎಂಬುದೇ. ಹದಿಮೂರು ವರ್ಷದ ಹುಡುಗ ಅಡ್ಡ ಬರುವುದು ಅವನ ವಯಸ್ಸಿನ ಗುಣ. ದೀಪವಿಲ್ಲದ ಟ್ರೇಲರನ್ನು ರಸ್ತೆಗೆ ತಂದದ್ದು ಯಾವ ವಯಸ್ಸಿನ ಗುಣ?

ಮಾತು ಕಟುವಾಯಿತೆಂದು ವಾಚಕರು ಬೇಸರಿಸಬಾರದು. ಟ್ರೇಲರಿನ ಹಿಂಭಾಗಕ್ಕೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ಹೆಚ್ಚು ದುಡ್ಡು ಬೇಕಾಗಿಲ್ಲ, ಒಂದು ಸಂಜೆಯ ಕೆಲಸವೂ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹಿಂಭಾಗದ ಪ್ರತಿಫಲಕವನ್ನು ಕಡ್ಡಾಯ ಮಾಡಿವೆ. ಕೆಲವು ಕಡೆ ಪೊಲೀಸರು ಕಾರ್ಖಾನೆಯ ಅಂಗಳಕ್ಕೇ ಬಂದು ಪಟ್ಟಿ ಅಂಟಿಸಿ ಹೋಗುತ್ತಾರೆ. ಆದರೆ ಹತ್ತು ದಿನಗಳಲ್ಲಿ ಅದರ ಮೇಲೆ ಕೆಸರು ಮೆತ್ತಿ, ಕಬ್ಬಿನ ಸೋಗೆ ಇಳಿಬಿದ್ದು, ಇದ್ದೂ ಇಲ್ಲದಂತಾಗುತ್ತದೆ. ಲೋಡು ತುಂಬಿದ ಮೇಲೆ ಒಮ್ಮೆ ಹಿಂದೆ ಹೋಗಿ ಒದ್ದೆ ಬಟ್ಟೆಯಿಂದ ಒರೆಸುವುದು, ಹಾಗೆಯೇ ಬದಿಗೆ ಚಾಚಿದ ಜಲ್ಲೆಗಳನ್ನು ಕತ್ತರಿಸುವುದು, ಇಷ್ಟು ಆಗಬೇಕು. ಕೆಟ್ಟು ನಿಂತ ಟ್ರೇಲರನ್ನು ರಸ್ತೆಯ ಮೇಲೆಯೇ ರಾತ್ರಿ ಬಿಟ್ಟುಹೋಗುವವರು, ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ಬೆಳಿಗ್ಗೆ ಅಲ್ಲಿಯೇ ಬಿಟ್ಟು ಹೊರಡುವವರು ಇನ್ನೂ ಇದ್ದಾರೆ. ಹಾಡಿನ ವಿಷಯವನ್ನೂ ಹೇಳಿಬಿಡುತ್ತೇವೆ. ದಣಿದ ಚಾಲಕನಿಗೆ ಹಾಡು ಬೇಕು, ನಿಜ. ಆದರೆ ಹಿಂದಿನ ಸೈಕಲ್ಲಿನ ಗಂಟೆಯೂ ಮಗುವಿನ ಕೂಗೂ ಕಿವಿಗೆ ಬೀಳುವಷ್ಟಾದರೂ ಅದು ಮೆಲ್ಲಗಿರಲಿ. ವಿಮೆಯಿಲ್ಲದ ಟ್ರೇಲರಿನಿಂದ ಅನಾಹುತವಾದರೆ ಪರಿಹಾರದ ಹಣ ಮಾಲೀಕನ ಕೈಯಿಂದಲೇ ಹೋಗುತ್ತದೆ. ಒಂದು ಎಕರೆ ಮಾರಿದರೂ ಸಾಲದೆ ಹೋದೀತು.

ಕಬ್ಬಿನ ಸೀಮೆಯ ಮಾತು ಹೀಗಾದರೆ ರಾಗಿ, ಹುರುಳಿ ಬೆಳೆಯುವ ಕಡೆ ಇನ್ನೊಂದು ಬಗೆ. ಅಲ್ಲಿ ರಸ್ತೆಯೇ ಕಣ. ಬಸ್ಸು ಲಾರಿಗಳು ಹಾದುಹೋದರೆ ಒಕ್ಕಣೆ ತಾನಾಗಿ ಆಗುತ್ತದೆಂದು ಹುರುಳಿ, ರಾಗಿ ತೆನೆಯನ್ನು ಡಾಂಬರಿನ ಮೇಲೆ ಹರಡುತ್ತೇವೆ. ನಾಲ್ಕು ಚಕ್ರದ ವಾಹನಕ್ಕೇ ಅದು ಕಷ್ಟ. ಎರಡು ತೆಳು ಚಕ್ರದ ಸೈಕಲ್ಲಿಗೆ ಉದುರಿದ ಹುರುಳಿಕಾಳು ಎಣ್ಣೆ ಸುರಿದಂತೆಯೇ ಸರಿ. ಬ್ರೇಕ್ ಹಾಕಿದ ಕ್ಷಣಕ್ಕೆ ಜಾರುತ್ತದೆ. ಹುರುಳಿ ಸೊಪ್ಪು ಚೈನಿಗೂ ಕಡ್ಡಿಗಳಿಗೂ ಸುತ್ತಿಕೊಳ್ಳುತ್ತದೆ. ಒಣಹುಲ್ಲನ್ನು ತಪ್ಪಿಸಲು ಮಗು ರಸ್ತೆಯ ನಡುವಿಗೆ ಬರುತ್ತದೆ, ಎದುರಿನಿಂದ ಬರುವ ಬಸ್ಸೂ ಅದೇ ಹುಲ್ಲನ್ನು ತಪ್ಪಿಸಲು ನಡುವಿಗೆ ಬಂದಿರುತ್ತದೆ. ಊರಿಗೊಂದು ಕಣ ಇಲ್ಲವೇ ಎಂದರೆ, ಇದ್ದ ಕಣಗಳನ್ನು ಮನೆಯ ನಿವೇಶನವಾಗಿಯೋ ತೋಟವಾಗಿಯೋ ಮಾಡಿಕೊಂಡಿದ್ದೇವೆ. ಉದ್ಯೋಗ ಖಾತರಿಯಲ್ಲಿ ಹಲವು ಕಡೆ ಸಿಮೆಂಟಿನ ಒಕ್ಕಣೆ ಕಣಗಳನ್ನು ಕಟ್ಟಲಾಗಿದೆ. ಅಂಥದೊಂದು ನಿಮ್ಮ ಪಂಚಾಯಿತಿಯಲ್ಲಿದ್ದು ಅದರಲ್ಲಿ ಯಾರಾದರೂ ಸೌದೆ ಒಟ್ಟಿಕೊಂಡಿದ್ದರೆ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಕಡೇ ಪಕ್ಷ ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ, ತಿರುವಿನಲ್ಲಿ, ಇಳಿಜಾರಿನಲ್ಲಿ ಹರಡಬೇಡಿ. ಅಂಚಿಗಿಟ್ಟ ಕಲ್ಲುಗಳನ್ನು ಕತ್ತಲಾಗುವ ಮುಂಚೆ ಎತ್ತಿಬಿಡಿ.

ಹಾಗಾದರೆ ಇಷ್ಟು ಅಪಾಯವಿರುವಾಗ ಸೈಕಲ್ಲೇ ಬೇಡವೆನ್ನಬಹುದೇ? ಒಂದು ಅಪಘಾತವಾದ ಊರಿನಲ್ಲಿ ಮೊದಲು ಆಗುವುದು ಅದೇ. ಅದರಲ್ಲೂ ಹೆಣ್ಣುಮಕ್ಕಳ ಸೈಕಲ್ ಗೋಡೆಗೆ ಒರಗುತ್ತದೆ, ಮರುವರ್ಷ ಅವರ ಓದೂ ಗೋಡೆಗೆ ಒರಗುತ್ತದೆ. ನಮ್ಮ ಬಹುಪಾಲು ಹಳ್ಳಿಗಳಲ್ಲಿ ಏಳನೆಯ ತರಗತಿಯವರೆಗೆ ಊರಿನಲ್ಲಿಯೇ ಶಾಲೆ. ಎಂಟನೆಯ ತರಗತಿಗೆ ಮೂರು ನಾಲ್ಕು ಮೈಲಿ ಹೋಗಬೇಕು. ಇದನ್ನು ಕಂಡೇ ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. 2020ರ ಕೊರೊನಾ ವರ್ಷದಲ್ಲಿ ವಿತರಣೆ ನಿಂತಿತು. ಬಿಹಾರದಲ್ಲಿಯೂ 2006ರಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಆರಂಭವಾಯಿತು. ಅದರಿಂದ ತಕ್ಕ ವಯಸ್ಸಿಗೆ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಹೆಣ್ಣುಮಗುವಿಗೆ ಸೈಕಲ್ ಎಂದರೆ ಇಷ್ಟು. ಅದನ್ನು ಕಸಿದುಕೊಳ್ಳುವ ಮಾತು ಬೇಡ. ಕೊಟ್ಟ ಸೈಕಲ್ಲನ್ನು ನೆಟ್ಟಗಿಡುವ ಮಾತಾಡೋಣ.

ನೇಗಿಲ ಕುಳ ಸವೆದರೆ ಕುಲುಮೆಗೆ ಒಯ್ಯುತ್ತೇವೆ. ಪಂಪಿನ ಸದ್ದು ಕೊಂಚ ಬದಲಾದರೆ ರಾತ್ರಿಯೇ ಎದ್ದು ಹೋಗಿ ನೋಡುತ್ತೇವೆ. ಮಗನ ಸೈಕಲ್ಲಿನ ಬ್ರೇಕು ಹೋಗಿ ಆರು ತಿಂಗಳಾಗಿದ್ದರೂ "ಕಾಲು ಕೊಟ್ಟು ನಿಲ್ಲಿಸುತ್ತಾನೆ ಬಿಡಿ" ಎನ್ನುತ್ತೇವೆ. ಚಪ್ಪಲಿ ಸವೆಯುವುದನ್ನು ಬೈಯುತ್ತೇವೆ, ಏಕೆ ಸವೆಯಿತೆಂದು ಕೇಳುವುದಿಲ್ಲ.

ಬ್ರೇಕ್ ನೋಡುವುದು ಸುಲಭ. ಹಿಡಿಯನ್ನು ಒತ್ತಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿ. ಮುಂದಿನದೊಂದು ಸಲ, ಹಿಂದಿನದೊಂದು ಸಲ. ಚಕ್ರ ಉರುಳದೆ ಎಳೆದುಕೊಂಡು ಬರಬೇಕು. ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಕ್ಕೆ ಬಂದರೆ ರಬ್ಬರು ಸವೆದಿದೆ ಎಂದರ್ಥ. ರಿಮ್ಮಿಗೆ ಎಣ್ಣೆ ತಾಗಿದ್ದರೆ ಒರೆಸಬೇಕು; ಚೈನಿಗೆ ಎಣ್ಣೆ ಬಿಡುವಾಗ ಮಕ್ಕಳು ಉತ್ಸಾಹದಿಂದ ರಿಮ್ಮಿಗೂ ಬಿಟ್ಟಿರುತ್ತಾರೆ. ಮಳೆಯಲ್ಲಿ ರಿಮ್ಮು ನೆನೆದಾಗ ಒಳ್ಳೆಯ ಬ್ರೇಕೂ ತಡವಾಗಿ ಹಿಡಿಯುತ್ತದೆ, ಆದುದರಿಂದ ಮುಂಚಿನಿಂದಲೇ ಒತ್ತುತ್ತಾ ಬರಬೇಕೆಂದು ಹೇಳಿಕೊಡಿ. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ಗಟ್ಟಿಯಾಗಿ ಒತ್ತಿದರೆ ಹಿಂದಿನ ಚಕ್ರ ಮೇಲೆದ್ದು ಮಗು ತಲೆಯ ಮೇಲೆ ಬೀಳುತ್ತದೆ.

ಅಳತೆಯ ವಿಷಯ ಇನ್ನೂ ಮುಖ್ಯ. ಅಪ್ಪನ ಸೈಕಲ್ಲಿನ ನಡುಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತವರೇ ನಾವೆಲ್ಲ. ಮೊಣಕಾಲಿನ ಗಾಯದ ಕಲೆ ಇನ್ನೂ ಇದೆ. ಅದು ಊರಿನ ಬಯಲಿನ ಆಟವಾಗಿತ್ತು, ಲಾರಿ ಓಡುವ ರಸ್ತೆಯದಲ್ಲ. ಮುಂದೆ ಬೆಳೆಯುತ್ತಾನೆಂದು ಅಂಗಿಯನ್ನು ಎರಡು ಅಳತೆ ದೊಡ್ಡದಾಗಿ ಹೊಲಿಸುವಂತೆ ಸೈಕಲ್ಲನ್ನೂ ಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಸೀಟಿನ ಮೇಲೆ ಕುಳಿತಾಗ ಎರಡೂ ಕಾಲಿನ ಬೆರಳು ನೆಲ ಮುಟ್ಟಬೇಕು. ಬಾರಿನ ಎರಡೂ ಕಡೆ ಕಾಲು ಹಾಕಿ ನಿಂತಾಗ ಪಾದ ಪೂರ್ತಿ ನೆಲದ ಮೇಲಿದ್ದು, ಬಾರಿಗೂ ಮೈಗೂ ಎರಡು ಬೆರಳಷ್ಟಾದರೂ ಸಂದು ಇರಬೇಕು. ಸದ್ಯಕ್ಕೆ ದೊಡ್ಡ ಸೈಕಲ್ಲೇ ಗತಿ ಎನ್ನುವವರು ಸೀಟನ್ನು ಕೊನೆಯವರೆಗೆ ಇಳಿಸಿ, ಒಂದು ವರ್ಷ ಹೆದ್ದಾರಿಗೆ ಬಿಡದಿರುವುದೇ ಲೇಸು.

ಎರಡು ಗಾಯಗಳ ಬಗ್ಗೆ ತಾಯಂದಿರಿಗೂ ಓದಿ ಹೇಳಿ. ಮೊದಲನೆಯದು ಕಡ್ಡಿಗೆ ಕಾಲು ಸಿಕ್ಕುವುದು. ಹಿಂದಿನ ಕ್ಯಾರಿಯರಿನಲ್ಲಿ ಕುಳಿತ ತಮ್ಮನೋ ತಂಗಿಯೋ ಕಾಲು ಜೋತಾಡಿಸುತ್ತಾ ನಿದ್ದೆ ತೂಗಿದರೆ ಹಿಮ್ಮಡಿ ಚಕ್ರದೊಳಕ್ಕೆ ಹೋಗುತ್ತದೆ. ಚರ್ಮ ಕಿತ್ತುಬಂದು ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಹಿಂದಿನ ಚಕ್ರದ ಎರಡೂ ಬದಿಗೆ ಸೀರೆ ಸಿಕ್ಕದಂತೆ ಹಾಕುವ ಜಾಲರಿಯನ್ನು ಹಾಕಿಸಿ, ಕಾಲಿಡಲು ಮೆಟ್ಟು ಮಾಡಿಸಿದರೆ ಇದು ಮುಗಿಯಿತು. ಹುಡುಗಿಯರ ವೇಲ್ ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕುವುದೂ ಇದೇ ಜಾತಿಯ ಅಪಾಯ. ಹೊರಡುವಾಗಲೇ ಸೊಂಟಕ್ಕೆ ಸುತ್ತಿ ಪಿನ್ನು ಹಾಕಿಕೊಳ್ಳಲಿ.

ಎರಡನೆಯದು ಕಣ್ಣಿಗೆ ಕಾಣದ ಗಾಯ. ಹ್ಯಾಂಡಲ್ಲಿನ ತುದಿಯ ರಬ್ಬರ್ ಹಿಡಿ ಹರಿದುಹೋಗಿ ಬರಿಯ ಕಬ್ಬಿಣದ ಕೊಳವೆ ಉಳಿದಿರುತ್ತದೆ. ಬೀಳುವಾಗ ಹ್ಯಾಂಡಲ್ ತಿರುಗಿ ಆ ತುದಿ ಮಗುವಿನ ಹೊಟ್ಟೆಗೆ ತಿವಿಯುತ್ತದೆ. ಹೊರಗೆ ನಾಣ್ಯದಷ್ಟು ಕೆಂಪು ಗುರುತು, ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಪೆಟ್ಟಾಗಿರಬಹುದು. ಬೈಗುಳಕ್ಕೆ ಹೆದರಿ ಮಗು ಬಿದ್ದದ್ದನ್ನೇ ಹೇಳುವುದಿಲ್ಲ. ಸೈಕಲ್ಲಿನಿಂದ ಬಿದ್ದ ಮಗು ಆ ದಿನವೋ ಮರುದಿನವೋ ಹೊಟ್ಟೆನೋವು ಎಂದರೆ, ವಾಂತಿ ಮಾಡಿದರೆ, ಮುಖ ಬಿಳಿಚಿಕೊಂಡು ಬೆವತರೆ, ಶುಂಠಿ ಕಷಾಯ ಕುಡಿಸುತ್ತಾ ಕೂರಬೇಡಿ. ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು, ಹ್ಯಾಂಡಲ್ ಹೊಟ್ಟೆಗೆ ಹೊಡೆದಿದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅಂಗಡಿಯಲ್ಲಿ ಹೊಸ ಹಿಡಿಗಳ ಜೊತೆ ಕೊಂಡು ಹಾಕುವುದಕ್ಕೆ ಆಗುವ ಖರ್ಚು ಇಬ್ಬರ ಕಾಫಿತಿಂಡಿಯಷ್ಟು ಮಾತ್ರ. ತಲೆಗೆ ಹೆಲ್ಮೆಟ್ ಎಂದರೆ ಹಳ್ಳಿಯಲ್ಲಿ ನಗುತ್ತಾರೆಂದು ನಮಗೆ ಗೊತ್ತು. ನಗುವವರು ನಗಲಿ, ಹೆದ್ದಾರಿಯಲ್ಲಿ ಹೋಗಬೇಕಾದ ಮಗುವಿಗೆ ಕೊಡಿಸಿ.

ದೀಪ. ಹಿಂದೆ ಪೇಟೆಗಳಲ್ಲಿ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಇರಬೇಕಿತ್ತು, ರಾತ್ರಿ ದೀಪವಿಲ್ಲದೆ ಹೋದವರ ಚಕ್ರದ ಗಾಳಿಯನ್ನು ಪೊಲೀಸರು ಬಿಡುತ್ತಿದ್ದುದೂ ಉಂಟು. ಹಾಗಾಗಿ ಸೀಮೆಎಣ್ಣೆ ದೀಪವನ್ನಾದರೂ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಮಕ್ಕಳ ಸೈಕಲ್ಲಿನಲ್ಲಿ ಡೈನಮೊ ಕಾಣುವುದೇ ಅಪರೂಪ. ಡೈನಮೊ ಇದ್ದರೂ ಸೈಕಲ್ ನಿಂತ ಕೂಡಲೆ ದೀಪ ಆರುತ್ತದೆ, ಅಂದರೆ ಕೂಡುರಸ್ತೆಯಲ್ಲಿ ಕಾಯುತ್ತಾ ನಿಂತ ಮಗು ಕತ್ತಲಲ್ಲಿ ಮಾಯವಾಗುತ್ತದೆ. ಬ್ಯಾಟರಿಯಿಂದ ಮಿನುಗುವ ಕೆಂಪು ದೀಪಗಳು ಈಗ ಸೈಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಟ್ರೇಲರಿಗೆ ತಂದ ಹೊಳೆಯುವ ಪಟ್ಟಿಯಲ್ಲಿ ಉಳಿದ ತುಂಡನ್ನು ಹಿಂದಿನ ಮಡ್‌ಗಾರ್ಡಿಗೂ ಪೆಡಲುಗಳಿಗೂ ಅಂಟಿಸಿದರೆ ಇನ್ನೂ ಒಳ್ಳೆಯದು; ಮೇಲೆ ಕೆಳಗೆ ಆಡುವ ಬೆಳಕು ದೂರಕ್ಕೇ ಗುರುತಾಗುತ್ತದೆ.

ಬೆಳಿಗ್ಗೆ ಡೈರಿಗೆ ಹಾಲು ಹಾಕಿಬರುವ ಕೆಲಸ ಅನೇಕ ಮನೆಗಳಲ್ಲಿ ಮಕ್ಕಳದು. ಮನೆಗೆಲಸ ಮಾಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಹಾಲಿನ ಕ್ಯಾನನ್ನು ಹ್ಯಾಂಡಲ್ಲಿನ ಒಂದೇ ಕಡೆಗೆ ನೇತುಹಾಕಿದರೆ ಸೈಕಲ್ ಆ ಕಡೆಗೇ ವಾಲುತ್ತದೆ, ಕ್ಯಾನು ತೂಗಾಡಿ ಮುಂದಿನ ಚಕ್ರಕ್ಕೆ ತಾಗುತ್ತದೆ. ಭಾರವೆಲ್ಲ ಹಿಂದಿನ ಕ್ಯಾರಿಯರಿನಲ್ಲಿ, ಹಗ್ಗ ಬಿಗಿದು ಇರಲಿ. ಹುಲ್ಲಿನ ಹೊರೆಯನ್ನಂತೂ ಮಗು ತಳ್ಳಿಕೊಂಡು ಬರಲಿ, ತುಳಿದುಕೊಂಡಲ್ಲ.

ಇನ್ನು ದಾರಿ. ನಡೆಯುವವರು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಮಗು ಅದನ್ನೇ ಸೈಕಲ್ಲಿಗೂ ಹಿಡಿದುಕೊಂಡು ಬಲಕ್ಕೆ ಹೋಗುತ್ತದೆ, ಸೈಕಲ್ಲಿಗೆ ಎಡಬದಿಯೇ. ಊರಿನ ದಾರಿ ಡಾಂಬರು ರಸ್ತೆಗೆ ಸೇರುವಲ್ಲಿ ಒಂದು ಕಾಲು ನೆಲಕ್ಕೆ ಊರಿ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ಹೊರಡಬೇಕು. ಒಂದು ಭಾನುವಾರ ಮಗನ ಜೊತೆ ನೀವೂ ಶಾಲೆಯವರೆಗೆ ಸೈಕಲ್ ತುಳಿದು ಹೋಗಿಬನ್ನಿ. ಮೋಟಾರ್ ಸೈಕಲ್ಲಿನಲ್ಲಿ ಕಾಣದ ಎಷ್ಟೋ ಸಂಗತಿ ಆಗ ಕಾಣುತ್ತದೆ. ಮುಖ್ಯವಾಗಿ ಡಾಂಬರಿನ ಅಂಚು. ರಸ್ತೆಗೆ ಪದರದ ಮೇಲೆ ಪದರ ಹಾಕುತ್ತಾ ಹೋಗಿ ಬದಿಯ ಮಣ್ಣು ಗೇಣುದ್ದ ತಗ್ಗಾಗಿದೆ. ಲಾರಿಗೆ ದಾರಿ ಬಿಡಲು ಕೆಳಗಿಳಿದ ಮಗು ಮತ್ತೆ ಓರೆಯಾಗಿ ಹತ್ತಲು ಹೋದರೆ ಚಕ್ರ ಅಂಚಿಗೆ ಉಜ್ಜಿಕೊಂಡು ರಸ್ತೆಯ ಒಳಕ್ಕೇ ಬೀಳುತ್ತದೆ. ಇಳಿದ ಮೇಲೆ ನಿಲ್ಲಿಸಿ, ಸೈಕಲ್ಲನ್ನು ಎತ್ತಿ ಮೇಲಿಡಬೇಕು. ಅಂಚಿಗೆ ಗ್ರಾವೆಲ್ ತುಂಬಿಸುವುದು ಲೋಕೋಪಯೋಗಿ ಇಲಾಖೆಯವರ ಕರ್ತವ್ಯ. ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿ ಇಬ್ಬರೂ ಸೇರಿ ಬರೆದುಕೊಟ್ಟರೆ ಅರ್ಜಿಗೆ ತೂಕ ಬರುತ್ತದೆ. ನಾಲೆಯ ಏರಿಯ ಮೇಲಿನ ದಾರಿಗಳಿಗೆ ತಡೆಗೋಡೆ ಕೇಳುವುದೂ ಅದೇ ಅರ್ಜಿಯಲ್ಲಿರಲಿ. 2018ರ ನವೆಂಬರಿನಲ್ಲಿ ಪಾಂಡವಪುರದ ಬಳಿ ಕನಗನಮರಡಿಯಲ್ಲಿ ಬಸ್ಸೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು, ಶಾಲೆಯಿಂದ ಬರುತ್ತಿದ್ದ ಮಕ್ಕಳೂ ಅದರಲ್ಲಿದ್ದರು.

ಅಪಘಾತವಾದಾಗ ಸಾಕ್ಷಿಗೆ ಎಳೆಯುತ್ತಾರೆಂಬ ಭಯದಿಂದ ದೂರ ನಿಂತು ನೋಡುವುದು ಈಗ ಅನಾವಶ್ಯಕ. ಗಾಯಾಳುವಿಗೆ ನೆರವಾದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. 108ಕ್ಕೆ ಫೋನ್ ಮಾಡಿ, ಕುತ್ತಿಗೆ ಅಲುಗದಂತೆ ಮಲಗಿಸಿ, ರಕ್ತ ಬರುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಹಣ ಕಟ್ಟಿಸಿಕೊಳ್ಳದೆ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ಸಂಕ್ರಾಂತಿಗೆ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿಯುವ ದಿನ ದೂರವಿಲ್ಲ. ಅಂದು ಬೆಳಿಗ್ಗೆ ಟ್ರೇಲರಿನ ಹಿಂಬದಿಯನ್ನೂ ಮಕ್ಕಳ ಸೈಕಲ್ಲನ್ನೂ ಅಂಗಳಕ್ಕೆ ತಂದು ತೊಳೆಯಿರಿ, ಪಟ್ಟಿ ಅಂಟಿಸಿ, ಬ್ರೇಕ್ ನೋಡಿ. ಸಾಧ್ಯವಾದ ಊರುಗಳಲ್ಲಿ ಸೈಕಲ್ ಶಾಪಿನವರನ್ನು ಒಂದು ದಿನ ಶಾಲೆಯ ಅಂಗಳಕ್ಕೇ ಕರೆಸಿ ಎಲ್ಲ ಸೈಕಲ್ಲುಗಳನ್ನೂ ಒಟ್ಟಿಗೆ ಓವರಾಯಿಲಿಂಗ್ ಮಾಡಿಸಬಹುದು. ನಿಮ್ಮ ಊರಿನಲ್ಲಿ ಮಕ್ಕಳಿಗೆ ಅಪಾಯವಾದ ತಿರುವು, ಅಂಚು, ಸೇತುವೆ ಯಾವುದು ಎಂಬುದನ್ನು ವಾಚನಾಲಯದಲ್ಲಿ ನಾಲ್ಕು ಜನ ಕುಳಿತು ಬರೆದು ಕಳುಹಿಸಿದರೆ ಮುಂದಿನ ವಾರಗಳಲ್ಲಿ ಈ ಪುಟದಲ್ಲಿ ಪ್ರಕಟಿಸುತ್ತೇವೆ. ಊರು, ತಾಲ್ಲೂಕು, ರಸ್ತೆಯ ಹೆಸರನ್ನು ಬಿಡಿಸಿ ಬರೆಯಿರಿ.